ತಲೆ ವಾಲಿಸಿದ ರಾಜಕುಮಾರ

ವರ್ಸೈ ಅರಮನೆಯ ಗಾಡಿ ತನ್ನ ಮನೆ ಮುಂದೆ ಬಂದು ನಿಂತಾಗ ಪೆರಿನ್ ಹಿತ್ತಿಲಲ್ಲಿ ಈರುಳ್ಳಿ ಕೀಳುತ್ತಿದ್ದಳು. ಪುಟ್ಟ ರಾಜಕುಮಾರನಿಗೆ ಎದೆಹಾಲು ಕುಡಿಸಿ ಬೆಳೆಸಿದವಳು ಅವಳು. ಹಾಲು ಬಿಡಿಸಿದ ಕೂಡಲೇ ಅವಳನ್ನು ಊರಿಗೆ ಕಳಿಸಿಬಿಟ್ಟಿದ್ದರು. ದಾದಿ ಕಣ್ಣಿಗೆ ಬಿದ್ದರೆ ಮಗು ಹಟ ಹಿಡಿಯುತ್ತದೆ ಎಂಬುದು ಅರಮನೆಯವರ ನಂಬಿಕೆ. ಅದಾಗಿ ಒಂದು ವರ್ಷ ಕಳೆದಿತ್ತು.

"ಚಿತ್ರ ಬರೆಯೋ ಅಮ್ಮಾವ್ರು ಹೇಳಿ ಕಳ್ಸಿದಾರೆ," ಎಂದ ಗಾಡಿಯವನು. "ಚಿಕ್ಕ ದೊರೆಗಳು ಕೂತಲ್ಲಿ ಕೂರಲ್ವಂತೆ, ಒಂದೇ ಸಮ ಕಿರುಚಾಟ. ದಾದಮ್ಮ ಬಂದ್ರೆ ಸುಮ್ಮನಾಗ್ತಾನೆ ಅಂತ ಅವರಕ್ಕ ಹೇಳಿದ್ರಂತೆ."

ಪೆರಿನ್ ಕೈ ತೊಳೆದು, ಒಗೆದ ಟೋಪಿ ಹಾಕಿಕೊಂಡು ಹೊರಟಳು. ದಾರಿಯುದ್ದಕ್ಕೂ ಒಂದೇ ಯೋಚನೆ: ಮಗು ಓಡಿಬಂದು ಕೊರಳಿಗೆ ಜೋತುಬಿದ್ದರೆ ಮತ್ತೆ ಬಿಡಿಸಿಕೊಂಡು ಬರುವುದು ಹೇಗೆ?

ಚಿತ್ರಗಾರ್ತಿ ಮದಾಮ್ ಓಬ್ರಿ ಕಿಟಕಿಯ ಬೆಳಕಿಗೆ ದೊಡ್ಡ ಕ್ಯಾನ್ವಾಸ್ ನಿಲ್ಲಿಸಿಕೊಂಡಿದ್ದಳು. ಅದರಲ್ಲಿ ಏಳು ವರ್ಷದ ರಾಜಕುಮಾರಿ ಆಗಲೇ ಮೂಡಿದ್ದಳು. ಅವಳ ನೀಲಿ ರೇಷ್ಮೆಯ ಮಡಿಕೆ ಮುಟ್ಟಿದರೆ ಸರಕ್ಕೆಂದೀತು ಅನ್ನಿಸಿ ಪೆರಿನ್ ಕೈ ಹಿಂದಕ್ಕೆ ಕಟ್ಟಿಕೊಂಡಳು. ತಮ್ಮನ ಜಾಗದಲ್ಲಿ ಬಿಳಿ ನಿಲುವಂಗಿ ಮಾತ್ರ ಇತ್ತು, ಮುಖವಿರಲಿಲ್ಲ.

"ಇವಳ್ಯಾಕೆ ಬಂದ್ಲು?" ಮಕ್ಕಳ ಮೇಲ್ವಿಚಾರಣೆಯ ಡಚೆಸ್ ಹುಬ್ಬು ಗಂಟಿಕ್ಕಿದಳು. "ಮರೆತಿರೋ ಹಾಲನ್ನ ಮತ್ತೆ ನೆನಪು ಮಾಡೋಕಾ?"

"ಸರಿ, ಕಳಿಸ್ಬಿಡೋಣ," ಮದಾಮ್ ಓಬ್ರಿ ಬಣ್ಣ ಕಲೆಸುತ್ತಲೇ ಹೇಳಿದಳು. "ಚಿತ್ರದಲ್ಲಿ ಮಗನಿಗೆ ಮುಖ ಬೇಡ ಅಂತ ಮಹಾರಾಣಿಯವರಿಗೆ ತಾವೇ ತಿಳಿಸ್ಬಿಡಿ."

ಡಚೆಸ್ ಬೀಸಣಿಗೆ ಬಿಚ್ಚಿಕೊಂಡು ಕುರ್ಚಿಗೆ ಒರಗಿದಳು.

ರಾಜಕುಮಾರಿ ತಮ್ಮನ ಕೈ ಎಳೆದಳು. "ನೋಡೋ, ದಾದಮ್ಮ ಬಂದಿದಾಳೆ."

ಮಗು ನೋಡಿತು. ನೋಡಿ, ಅಕ್ಕನ ಲಂಗದ ಹಿಂದೆ ಅಡಗಿಕೊಂಡು ಕೇಳಿತು: "ಅದ್ಯಾರು?"

ಪೆರಿನ್ ಬಾಗಿಲ ಕಡೆ ಹಿಂದೆ ಸರಿದಳು. ಅಳುತ್ತಾನೆ, ಬಿಡುವುದಿಲ್ಲ ಎಂದೆಲ್ಲ ಹೆದರಿಕೊಂಡು ಬಂದವಳಿಗೆ ಇದೊಂದು ಹೊಳೆದಿರಲಿಲ್ಲ. "ನಾನು ಹೋಗ್ತೀನಿ ಅಮ್ಮಾವ್ರೆ, ನನ್ನಿಂದ ಏನೂ ಆಗಲ್ಲ," ಎಂದಳು.

"ನಿಲ್ಲಮ್ಮ," ಎಂದಳು ಚಿತ್ರಗಾರ್ತಿ ಮೆಲ್ಲಗೆ. "ನನ್ನ ಬೆನ್ನ ಹಿಂದೆ ಬಂದು ನಿಲ್ಲು. ತೊಡೆ ಮೇಲಿದ್ದಾಗ ಹೇಗೆ ಆಡಿಸ್ತಿದ್ದೆ? ಅದನ್ನ ಮಾಡು."

ಪೆರಿನ್‌ಗೆ ನಾಚಿಕೆಯಾಯಿತು. ಗಂಡ ಗ್ಯಾಸ್ಪಾರ್ ಕತ್ತೆ ಓಡಿಸುವಾಗ ನಾಲಿಗೆಯಿಂದ ಟಕ್ ಟಕ್ ಎನ್ನಿಸುತ್ತಿದ್ದ. ಹಲ್ಲು ಬರುವಾಗ ಮಗು ರಚ್ಚೆ ಹಿಡಿದರೆ ಅವಳೂ ಹಾಗೇ ಮಾಡುತ್ತಿದ್ದಳು. ಈಗ ಡಚೆಸ್ ಎದುರಿಗೇ ಕಣ್ಣುಮುಚ್ಚಿ ಟಕ್ ಟಕ್ ಎನ್ನಿಸಿದಳು.

ಕಣ್ಣು ತೆರೆದಾಗ ಮಗು ಲಂಗದ ಮರೆಯಿಂದ ಹೊರಬಂದಿತ್ತು. ಗುರುತು ಸಿಕ್ಕಿರಲಿಲ್ಲ, ನಗಲಿಲ್ಲ. ಆದರೆ ತಲೆ ಒಂದು ಕಡೆ ವಾಲಿಸಿ, ಬಾಯಿ ತುಸು ತೆರೆದು, ದೂರದ ಕೋಣೆಯಿಂದ ಯಾರೋ ಕರೆದಂತೆ ಆಲಿಸುತ್ತ ನಿಂತಿತು. ಅಕ್ಕ ಅವನ ಹೆಗಲ ಮೇಲೆ ಕೈಯಿಟ್ಟಳು.

"ನಿಲ್ಲಿಸ್ಬೇಡ," ಎಂದು ಪಿಸುಗುಟ್ಟಿದ ಮದಾಮ್ ಓಬ್ರಿಯ ಕುಂಚ ಓಡತೊಡಗಿತು. ಖಾಲಿ ಕ್ಯಾನ್ವಾಸಿನ ಮೇಲೆ ಕೆನ್ನೆ ಬಂತು, ಕಿವಿಯಂಚಿನ ಕೆಂಪು ಬಂತು, ಆಮೇಲೆ ಆ ಆಲಿಸುವ ಕಣ್ಣು. ಪೆರಿನ್ ತನ್ನ ದುಃಖವನ್ನೂ ಮರೆತು ಆ ಕೈಯನ್ನೇ ನೋಡುತ್ತ ನಾಲಿಗೆ ನೋಯುವವರೆಗೆ ಸದ್ದು ಮಾಡಿದಳು.

ಆಗಸ್ಟ್ ಕೊನೆಗೆ ಚಿತ್ರವನ್ನು ಪ್ಯಾರಿಸ್‌ನ ಲೂವ್ರ್‌ನಲ್ಲಿ ಪ್ರದರ್ಶನಕ್ಕಿಟ್ಟರು. ಗ್ಯಾಸ್ಪಾರ್ ಹೆಂಡತಿಯನ್ನು ಕರೆದುಕೊಂಡು ಹೋದ. ಜನ ಕಿಕ್ಕಿರಿದಿದ್ದರು. ಮಗು ತಾಯಿಯನ್ನು ನೋಡುತ್ತಿದೆ ಎಂದು ಒಬ್ಬರು, ರಾಜ್ಯದ ಚಿಂತೆ ಈಗಲೇ ಹತ್ತಿದೆ ಎಂದು ಇನ್ನೊಬ್ಬರು.

ಪೆರಿನ್ ಗಂಡನ ಕಿವಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು.

"ನನ್ನ ಕತ್ತೆ ಓಡ್ಸೋ ಸದ್ದಿಗಾ?" ಗ್ಯಾಸ್ಪಾರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಬಳಿಕ ಚಿತ್ರವನ್ನು ಬಹಳ ಹೊತ್ತು ನೋಡಿ ಗಂಭೀರನಾದ. "ಮಗು ನಿನ್ನ ಪೂರ್ತಿ ಮರ್ತಿಲ್ಲ ಕಣೆ. ಹುಡುಕ್ತಾ ಇದೆ ನೋಡು."

"ಹೂಂ," ಎಂದಳು ಪೆರಿನ್. "ಆವತ್ತು ನನಗೆ ಅದು ಕಾಣ್ಲೇ ಇಲ್ಲ. ಚಿತ್ರ ಬರೆದ ಆಯಮ್ಮಂಗೆ ಕಂಡಿದೆ."

ಹಿಂದಿದ್ದವರು ಮುಂದೆ ಸರಿಯಿರೆಂದು ತಳ್ಳಿದರು. ಇಬ್ಬರೂ ಹೊರಗೆ ಹೋಗದೆ ಸುತ್ತುಹಾಕಿ ಬಂದು ಮತ್ತೆ ಸಾಲಿನಲ್ಲಿ ನಿಂತರು.