ಎಡಗೈ ಚೀಟಿ

"ಎರಡು ಕೈಯಾಗ ಎರಡು ಕತ್ತಿ ಅದಾವ. ಎರಡು ಚೀಟಿ ಎತ್ತತೀನಿ," ಎಂದು ಪೀರಪ್ಪ ಮತ್ತೆ ಡಬ್ಬಿಗೆ ಕೈ ಹಾಕಲು ಹೋದ. ಚಂದ್ರಶಾ ಡಬ್ಬಿಯ ಬಾಯಿಗೆ ಅಂಗೈ ಮುಚ್ಚಿದ.

ಸೇಡಂ ರಸ್ತೆಯ ಬುರ್ಹಾನುದ್ದೀನನ ಝೆರಾಕ್ಸ್ ಅಂಗಡಿಯಲ್ಲಿ ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಇಳಿಯಿತೆಂದರೆ ಒಳಗೆ ಈ ಮೂವರೇ. ಆಟದ ಪುಸ್ತಕವನ್ನು ಬುರ್ಹಾನುದ್ದೀನನ ಅಕ್ಕನ ಮಗ ಹೈದರಾಬಾದಿನಿಂದ ತಂದಿದ್ದ. ಪುಸ್ತಕ ವಾಪಸು ಹೋಯಿತು, ಝೆರಾಕ್ಸ್ ಪ್ರತಿ ಉಳಿಯಿತು. ಈ ಆಟಕ್ಕೆ ಕಾಯಿ ಬೇಡ, ಮನೆ ಬೇಡ. ಒಬ್ಬ ಕಥೆ ಕಟ್ಟಿ ಆಡಿಸಬೇಕು. ಉಳಿದವರು ಕಥೆಯೊಳಗಿನ ವೀರರಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳಬೇಕು; ದೊಡ್ಡ ಅಂಕಿ ಬಂದರೆ ಏಟು ಬಿದ್ದಂತೆ. ಅಂಥ ದಾಳ 2001ರ ಕಲಬುರಗಿಯಲ್ಲಿ ಅವರಿಗೆ ಎಲ್ಲೂ ಸಿಗಲಿಲ್ಲ.

ಆಡಿಸುವವನು ಚಂದ್ರಶಾ. ಅವನು ಊರಿನ ಪದ್ಧತಿಯನ್ನೇ ಆಟಕ್ಕೆ ತಂದ. ಕಮಲಾಪುರದಲ್ಲಿ ಅವನ ತಂದೆ ಅಮೋಘಪ್ಪ ಸಿದ್ಧನ ಗುಡಿಯ ಪೂಜಾರಿ. ಹೆಣ್ಣು ಕೊಡುವುದಿರಲಿ, ಬಾವಿ ತೋಡುವುದಿರಲಿ, ಜನ ದೇವರ ಮುಂದೆ ಚೀಟಿ ಇಟ್ಟು ಕೇಳುತ್ತಿದ್ದರು. ಹಾಗೆಯೇ ಒಂದರಿಂದ ಇಪ್ಪತ್ತರವರೆಗೆ ಬರೆದು ಮಡಚಿದ ಚೀಟಿಗಳು ಡಾಲ್ಡಾ ಡಬ್ಬಿ ಸೇರಿದವು.

ಪೀರಪ್ಪನೂ ಅದೇ ಊರಿನವನು, ಚಂದ್ರಶಾನ ಓಣಿಯವನೇ. ಅವನ ಎದೆಯೊಳಗಿನ ಒಂದು ಕವಾಟ ಹುಟ್ಟಿದಾಗಿನಿಂದ ಸರಿಯಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬುಸ. ಆಟದಲ್ಲಿ ಅವನು ಜೋಡಿಕತ್ತಿ ಜಟ್ಟೆಪ್ಪ. ಎಂಟು ತಿಂಗಳಿಂದ ಕೋಟೆಗೋಡೆ ಹತ್ತಿ, ಹೊಳೆ ಜಿಗಿದು ಬಂದವನು. ಇವತ್ತು ಕಲ್ಲಿನ ಸೇತುವೆಯ ಮೇಲೆ ರಾಕ್ಷಸನ ಎದುರಿಗೆ ನಿಂತಿದ್ದ. ಬಲಗೈ ಏಟು ತಪ್ಪಿತ್ತು. ಇನ್ನೊಂದು ಏಟು ಬಿದ್ದರೆ ರಾಕ್ಷಸ ಸಾಯುತ್ತಿದ್ದ, ಬೀಳದಿದ್ದರೆ ಜಟ್ಟೆಪ್ಪ.

"ಹನ್ನೆರಡನೇ ಹಾಳಿ ಓದು," ಎಂದ ಚಂದ್ರಶಾ. "ಒಂದು ಸರದಿಗೆ ಒಂದ ಏಟು."

"ನಲ್ವತ್ತನೇ ಹಾಳಿ ನೀ ಓದಲೇ. ಎರಡು ಆಯುಧ ಹಿಡದಾವಗ ಎಡಗೈದೊಂದು ಏಟು ಜಾಸ್ತಿ. ಬಲಗೈ ಚೀಟ್ಯಾಗ ಎರಡು ಕಳಿ, ಎಡಗೈದರಾಗ ನಾಲ್ಕು ಕಳಿ. ಕಳೀತೀನಿ ಅಂತ ನಾನೇ ಹೇಳ್ಲಾಕತ್ತೀನಿ!"

"ಎಡಗೈ ಕತ್ತಿ ಏಟು ತಡಿಲಾಕ ಅದ. ಒಂದು ಮಾತಿಗೆ ಒಂದ ಚೀಟಿ. ದೇವರ ಮುಂದ ಎರಡು ಸಲ ಕೇಳ್ತಾರೇನು?"

"ಇಲ್ಲಿ ಯಾವ ದೇವ್ರು ಕುಂತಾನೋ ಪೂಜಾರಿ? ಬುರ್ಹಾನ್ ಭಾಯಿ ಮಷೀನಾ?"

"ಮಷೀನಿಗಿ ಏನೂ ಅನಬ್ಯಾಡ್ರಿ," ಎಂದು ಬುರ್ಹಾನುದ್ದೀನ್ ಚಹಾದ ಕಪ್ಪು ಕೆಳಗಿಟ್ಟ. "ಪಾಪ, ಅದು ಎರಡೂ ಹಾಳಿ ಛಾಪ್ಸೇದ. ಝಗಡಾ ನಿಮ್ದು."

ಚಂದ್ರಶಾ ಅಂಗೈ ತೆಗೆಯಲಿಲ್ಲ. ಜಟ್ಟೆಪ್ಪ ಸೇತುವೆಯ ಮೇಲೆ ಬಿದ್ದ. ಪೀರಪ್ಪ ತನ್ನ ವೀರನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ನಕ್ಕ. "ಇರ್ಲಿ ಬಿಡು. ಕೈ ಇದ್ದೂ ಇಲ್ಲದಂಗ ಮಾಡ್ದಿ."

ಮುಂದಿನ ಭಾನುವಾರ ಅವನು ಬರಲಿಲ್ಲ. ಹೈದರಾಬಾದಿನ ಡಾಕ್ಟರು ಎದೆಯ ಆಪರೇಷನ್ನಿಗೆ ತಾರೀಖು ಕೊಟ್ಟಿದ್ದರು. ದೇವರನ್ನು ಕೇಳದೆ ಮಗನನ್ನು ಕಳಿಸುವುದಿಲ್ಲವೆಂದು ತಾಯಿ ಮಲ್ಕಮ್ಮ ಹಟ ಹಿಡಿದಿದ್ದಳು.

ಆ ಸೋಮವಾರ ಅಮೋಘಪ್ಪನಿಗೆ ಚಳಿಜ್ವರ. ಪೂಜೆಗೆ ಚಂದ್ರಶಾನೇ ಕೂತ. 'ಹೋಗು' ಎಂದೊಂದು, 'ಬ್ಯಾಡ' ಎಂದೊಂದು ಚೀಟಿ ಬರೆದು, ಬಂಡಾರದ ಅರಿಸಿನ ಮುಟ್ಟಿಸಿ, ಸಿದ್ಧನ ಪಾದದ ಮೇಲಿಟ್ಟ. ಮಲ್ಕಮ್ಮ ಕಣ್ಣು ಮುಚ್ಚಿ ಒಂದನ್ನೆತ್ತಿ ಅವನ ಕೈಗೆ ಕೊಟ್ಟಳು. ಅವನು ಬಿಚ್ಚಿ ಓದಿದ. ಬ್ಯಾಡ.

ಮಲ್ಕಮ್ಮ ಸೆರಗಿನಿಂದ ಬೆರಳು ಒರೆಸಿಕೊಂಡಳು. "ತಮ್ಮಾ, ಇನ್ನೊಂದು ಸಲ ಕೇಳ್ಲೇನು? ನನ್ನ ಕೈ ನಡುಗ್ತು ನೋಡು."

ಕಂಬಕ್ಕೆ ಒರಗಿ ಕೂತಿದ್ದ ಪೀರಪ್ಪ ಗೆಳೆಯನ ಮುಖ ನೋಡಿದ. ಮುದುಕಿಯ ಕೈ ಇನ್ನೂ ಚಾಚಿಯೇ ಇತ್ತು.

"ಒಂದು ಮಾತಿಗೆ ಒಂದ ಚೀಟಿ, ಯವ್ವಾ."

"ಬಾರವ್ವಾ," ಎಂದು ಪೀರಪ್ಪ ಕಂಬ ಹಿಡಿದು ಎದ್ದ. "ಇವಾ ನಲ್ವತ್ತನೇ ಹಾಳಿ ಇಲ್ಲೂ ಒಪ್ಪಂಗಿಲ್ಲ."

ತಾರೀಖು ಕಳೆದುಹೋಯಿತು. ಎರಡು ತಿಂಗಳಾದ ಮೇಲೆ ಒಂದು ಮುಂಜಾನೆ ಕಲಬುರಗಿಯ ಬಸ್ಸಿಗೆ ಕಾಯುತ್ತ ನಿಂತಿದ್ದ ಪೀರಪ್ಪ, ಯಾಕೋ ಕೂಡಬೇಕೆನ್ನಿಸಿದವನಂತೆ ಮೆಲ್ಲಗೆ ಕೂತ. ಬಸ್ಸು ಬಂದಾಗ ಏಳಲಿಲ್ಲ.

ಮಣ್ಣು ಕೊಟ್ಟ ಮೂರನೆಯ ದಿನ ಅಮೋಘಪ್ಪ ಗುಡಿಯ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೇಳಿದ, "ಮಲ್ಕಮ್ಮ ಇನ್ನೊಮ್ಮೆ ಕೇಳ್ತೀನಿ ಅಂದಿದ್ಳಂತಲ್ಲ. ಯಾಕ ಬ್ಯಾಡಂದಿ?"

"ಒಂದು ಮಾತಿಗೆ ಒಂದ ಚೀಟಿ ಅಂತ ನೀನೇ ಅಂತಿದ್ದೆಲ್ಲಪ್ಪಾ."

ಮುದುಕನ ಬೆರಳು ನಿಂತವು. "ಅದು ಹೊಲದ ಬದುವಿನ ಜಗಳಕ್ಕ, ಮಗಾ. ಸೋತಾವ ಮತ್ತ ಮತ್ತ ಕೇಳ್ತಾನಂತ ಹಿರೇರು ಹಾಕಿದ್ದು. ಬ್ಯಾನಿ ಬಂದವರಿಗಿ ಮೂರು ಸಲ ಅದ." ಬತ್ತಿಯನ್ನು ಕೆಳಗಿಟ್ಟು ಅಂದ, "ತಾಯಿ ಎರಡನೇ ಸಲ ಕೇಳಿದ್ರ ಸಿದ್ಧ ಬ್ಯಾಸರಾ ಮಾಡ್ಕೋತಾನೇನೋ?"

ಅಮೋಘಪ್ಪ ಎದ್ದು ಒಳಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿದ.

ಭಾನುವಾರ ಕಲಬುರಗಿಗೆ ಹೊರಟಿದ್ದ ಚಂದ್ರಶಾನನ್ನು ಮಲ್ಕಮ್ಮ ಬಾಗಿಲಲ್ಲಿ ನಿಂತು ಕರೆದಳು. ಅವಳ ಕೈಯಲ್ಲಿ ನಾಲ್ಕು ಮಡಿಕೆಯ ಹಾಳೆ. "ಅವನ ಅಂಗಿ ಕಿಸೆದಾಗಿತ್ತು, ತಮ್ಮಾ. ನಿಮ್ಮ ಆಟದ್ದು ಇರಬೇಕು." ಅಷ್ಟೇ. ಒಂದು ಮಾತು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅಂಗಡಿಯಲ್ಲಿ ಬುರ್ಹಾನುದ್ದೀನ್ ರೂಢಿಯಂತೆ ಮೂರು ಚಹಾ ತರಿಸಿ, ಆಮೇಲೆ ತಲೆ ತಗ್ಗಿಸಿದ. ಚಂದ್ರಶಾ ಹಾಳೆ ಬಿಚ್ಚಿದ. ಜಟ್ಟೆಪ್ಪನ ಹೆಸರು, ಬಲ, ಎರಡು ಕತ್ತಿ. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಿತ್ತು: ಎಡಗೈ ಏಟು ಬಾಕಿ ಅದ.

ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಪೀರಪ್ಪ ಕೂಡುತ್ತಿದ್ದ ಸ್ಟೂಲಿನ ಕಡೆಗೆ ಹಿಡಿದ. ಕೈ ಸೋಲುವ ತನಕ ಹಾಗೇ ಹಿಡಿದಿದ್ದ.

"ನೀವೇ ತೆಗೀರಿ, ಪೂಜಾರಿ," ಎಂದ ಬುರ್ಹಾನುದ್ದೀನ್, ಮೆಲ್ಲಗೆ.

ಚಂದ್ರಶಾ ಎಡಗೈಯಿಂದ ಒಂದು ಚೀಟಿ ಎತ್ತಿದ. ಬಿಚ್ಚಲಿಲ್ಲ. ಖಾಲಿ ಸ್ಟೂಲಿನ ಮೇಲಿಟ್ಟ. ಫ್ಯಾನಿನ ಗಾಳಿಗೆ ಅದು ಅಲುಗಾಡಿ ಅಂಚಿನ ಕಡೆಗೆ ಸರಿಯತೊಡಗಿತು. ಬುರ್ಹಾನುದ್ದೀನ್ ಎದ್ದು ಫ್ಯಾನು ಬಂದ್ ಮಾಡಿದ.