ಹೆಸರು ಕೇಳದೆ ರೇಟು ಹೇಳಿದ ತೋಂಟಣ್ಣ

ಇದು ನಡೆದ ಕತೆ. ಸುಳ್ಳು ಅನ್ನಿಸಿದರೆ ತಿಪಟೂರಿಗೆ ಬಂದು ಯಾರನ್ನಾದರೂ ಕೇಳಿ. ಅವರು ಹೇಳಿದ್ದರಲ್ಲಿ ನನ್ನನ್ನು ಬೈದ ಭಾಗವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನಂಬಬಹುದು.

ನಾನು ಗಂಗಾಧರ. ಬಿ.ಕಾಂ. ಓದಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಭಾನುವಾರ ಮೈಕ್ ಹಿಡಿದು ಕ್ರಿಕೆಟ್ ಕಾಮೆಂಟರಿ ಹೇಳುತ್ತೇನೆ. ಟೀವಿ ನಿರೂಪಕ, ಬಸ್‌ಸ್ಟ್ಯಾಂಡಿನ ಅನೌನ್ಸರ್, ನಮ್ಮ ಕಾಲೇಜಿನ ಪ್ರಿನ್ಸಿಪಾಲರು, ಯಾರ ದನಿ ಬೇಕಾದರೂ ನನ್ನ ಗಂಟಲಲ್ಲಿ ಸ್ಟಾಕಿದೆ. ಸ್ವಂತ ದನಿಗೆ ಮಾತ್ರ ಗಿರಾಕಿಯಿಲ್ಲ.

ನನ್ನ ಅಂಗಡಿಗೂ ತೋಂಟದಾರ್ಯನವರ ಕೊಬ್ಬರಿ ಮಂಡಿಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಒಂಟಿ ಇಟ್ಟಿಗೆಯದು. ಆಚೆ ಕೊಬ್ಬರಿ ಸುರಿದರೆ ಈಚೆ ನನ್ನ ಸ್ಕ್ರೂಗಳು ಕುಣಿಯುತ್ತವೆ. ತೋಂಟಣ್ಣನದು ಒಂದು ಕಟ್ಟುನಿಟ್ಟಿನ ಪದ್ಧತಿ. ಯಾರಾದರೂ ಮೂಟೆ ತಂದು ಸುರಿದು, "ಅಣ್ಣ, ಇದು ನಮ್ಮ..." ಎಂದು ಬಾಯಿ ತೆರೆದರೆ ಸಾಕು, ಕೈ ಅಡ್ಡ ಹಿಡಿಯುತ್ತಿದ್ದರು.

"ಹೆಸರು ಹೇಳ್ಬೇಡ! ಮೊದ್ಲು ಮಾಲು, ಆಮೇಲೆ ಮಾಲೀಕ."

ಒಂದು ಉಂಡೆ ಎತ್ತಿ, ಅಂಗೈಯಲ್ಲಿ ತೂಗಿ, ಕತ್ತಿಯಿಂದ ಎರಡು ಹೋಳು ಮಾಡಿ, ಮೂಸಿ ನೋಡಿ ರೇಟು ಹೇಳುವರು. ಹೇಳಿದ ಮೇಲೆ ಮುಗಿಯಿತು. ಒಮ್ಮೆ ಹೀಗೆಯೇ ಒಂದು ರಾಶಿಯನ್ನು "ಎರಡನೇ ದರ್ಜೆ" ಎಂದು ತಳ್ಳಿದರು. ಆಮೇಲೆ ನೋಡಿದರೆ ಅದು ಬಿಳಿಗೆರೆಯ ಸ್ವಂತ ಬಾವಮೈದನದು. ಬಾವಮೈದ ಊಟ ಬಿಟ್ಟು ಹೋದ. ರೇಟು ಮಾತ್ರ ಬದಲಾಗಲಿಲ್ಲ.

ಇಂಥ ನ್ಯಾಯವಂತರಿಗೆ ಇದ್ದ ಚಟ ಒಂದೇ, ಕ್ರಿಕೆಟ್. ನಮ್ಮ ಕೊಬ್ಬರಿಪೇಟೆ ತಂಡಕ್ಕೆ ಮ್ಯಾಟು, ಬ್ಯಾಟು, ಪ್ಯಾಡು, ಪಂದ್ಯದ ದಿನದ ಇಡ್ಲಿ ಎಲ್ಲ ಅವರದೇ. ಹಾಗಾಗಿ ಐವತ್ಮೂರರ ವಯಸ್ಸಿನಲ್ಲೂ ಓಪನರ್ ಅವರೇ. ಪಂದ್ಯ ಶುರುವಾಗುವ ಮೊದಲು ಪಿಚ್ಚಿನ ಮುಂದೆ ಕಾಯಿ ಒಡೆಯುತ್ತಿದ್ದವರೂ ಅವರೇ. ಎರಡೂ ಕೆಲಸಕ್ಕೆ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯುತ್ತಿತ್ತು. ಔಟಾದ ಮೇಲೆ ಬ್ಯಾಟನ್ನು ತಿರುಗಿಸಿ ಮುರುಗಿಸಿ ನೋಡಿ, "ಬ್ಯಾಟೇ ಸರಿಯಿಲ್ಲ ಕಣ್ರೋ" ಎನ್ನುತ್ತಾ ಮರಳುವರು. ಆ ವರ್ಷ ನಾವು ಗೆದ್ದದ್ದು ಟಾಸ್ ಮಾತ್ರ.

ದೇಶದ ತಂಡದ ಗತಿಯೂ ಆಗ ಹಾಗೇ ಇತ್ತು. ತವರಿನಲ್ಲೇ ಸೋಲಿನ ಮೇಲೆ ಸೋಲು. ಸಂಜೆಯಾದರೆ ಮಂಡಿಯ ಟೀವಿ ಮುಂದೆ ಆಯ್ಕೆ ಸಮಿತಿ ಸೇರುತ್ತಿತ್ತು. ಅಧ್ಯಕ್ಷರು ತೋಂಟಣ್ಣ.

"ಆ ಹಿರಿಯ ಓಪನರ್‌ನ ಇನ್ನೂ ಯಾಕ್ ಇಟ್ಕಂಡವ್ರೆ? ಕಾಲು ಏಳಲ್ಲ, ಕಣ್ಣು ಕಾಣಲ್ಲ. ಮನೇಲಿ ಮೊಮ್ಮಕ್ಕಳನ್ನ ಆಡಿಸ್ಲಿ!"

"ಅವನಿಗಿನ್ನೂ ಮೂವತ್ತೆಂಟು ಕಣಣ್ಣ, ಮೊಮ್ಮಕ್ಕಳು ಎಲ್ಲಿಂದ ಬರ್ತವೆ?" ಎಂದ ಕಲ್ಲೇಶ. ಅವನು ನಮ್ಮ ತಂಡದ ಕ್ಯಾಪ್ಟನ್. ವಾರದ ಉಳಿದ ದಿನ ಅದೇ ಮಂಡಿಯಲ್ಲಿ ಗುಮಾಸ್ತ.

"ಸೆಲೆಕ್ಟರ್‌ಗಳಿಗೆ ಧೈರ್ಯ ಇಲ್ಲ ಕಣ್ಲಾ. ದೊಡ್ಡ ಹೆಸರು ನೋಡಿ ಹೆದರ್ತವ್ರೆ."

ಕಲ್ಲೇಶ ನನ್ನ ಮುಖ ನೋಡಿದ. ನಾನು ಮೇಲಿನ ಫ್ಯಾನು ನೋಡಿದೆ.

ನಮ್ಮ ಕಷ್ಟ ಬೇರೆಯೇ ಇತ್ತು. ರವಿಕಿರಣ್ ಎಂಬ ಬಸ್ ಕಂಡಕ್ಟರ್ ನಮ್ಮ ತಂಡದ ಒಬ್ಬನೇ ನಿಜವಾದ ಬ್ಯಾಟ್ಸ್‌ಮನ್. ಯಾರ ಯಾರದೋ ಕೈಕಾಲು ಹಿಡಿದು ಡ್ಯೂಟಿ ಬದಲಿಸಿಕೊಂಡು ಬರುತ್ತಿದ್ದ. ಬಂದರೆ ಒಂಬತ್ತನೇ ಕ್ರಮಾಂಕ. ಅವನ ಸರದಿ ಬರುವಷ್ಟರಲ್ಲಿ ಇಡ್ಲಿಯೂ ಖಾಲಿ, ಓವರೂ ಖಾಲಿ. ಆ ಶನಿವಾರ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತ.

"ಗಂಗಣ್ಣ, ತುರುವೇಕೆರೆಯವರು ಓಪನ್ ಮಾಡು ಬಾ ಅಂತ ಕರೀತಾವ್ರೆ. ನಾಳೆ ಅವರ ಮೇಲೆ ಆಡ್ತೀನಿ, ಮುಂದಿನ ವಾರದಿಂದ ಅವರ ಜೊತೆ. ಬೇಜಾರು ಮಾಡ್ಕಬ್ಯಾಡಿ."

ಅವನು ಹೋದರೆ ತಂಡ ಮುಗಿದ ಹಾಗೆ. ಮಂಡಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಕಲ್ಲೇಶ ತಲೆ ಕೆರೆದುಕೊಂಡು ಪಿಸುಗುಟ್ಟಿದ. "ತೋಂಟಣ್ಣನಿಗೆ ಕೆಳಗೆ ಇಳಿಯಿರಿ ಅಂತ ಹೇಳೋರ್ಯಾರಪ್ಪಾ? ನಾನು ಹೇಳಿದ್ರೆ ಸೋಮವಾರ ಯಾವ ಮುಖ ಇಟ್ಕಂಡು ಮಂಡಿ ಬಾಗಿಲು ತೆಗೀಲಿ?"

"ನಾವು ಯಾಕೆ ಹೇಳ್ಬೇಕು?" ಎಂದೆ ನಾನು. "ಅವರ ಬಾಯಿಂದಲೇ ಹೇಳಿಸಿದ್ರೆ ಆಯ್ತು."

ಅಂಗಡಿಯಲ್ಲಿ ಹೊಸ ಸಿಮ್ಮುಗಳಿಗೆ ಬರವಿರಲಿಲ್ಲ. ನನ್ನ ದನಿ ಗೋಡೆಯಾಚೆ ಕೇಳಬಾರದಲ್ಲ, ಅದಕ್ಕೆ ಮೂಲೆಯಲ್ಲಿ ಬಿದ್ದಿದ್ದ ಕೊಬ್ಬರಿಯ ಗೋಣಿಚೀಲವನ್ನು ತಲೆಯ ಮೇಲೆ ಹೊದ್ದುಕೊಂಡೆ. ಕಲ್ಲೇಶ, ರವಿಕಿರಣ್ ಇಬ್ಬರೂ ಫೋನಿಗೆ ಕಿವಿ ತಂದು ಚೀಲದೊಳಗೇ ತೂರಿದರು. ಹೊಸ ಸಿಮ್ಮಿನಿಂದ ತೋಂಟಣ್ಣನ ನಂಬರು ಒತ್ತಿ, ಟೀವಿ ನಿರೂಪಕನ ದನಿ ತೆಗೆದೆ.

"ನಮಸ್ಕಾರ ತೋಂಟದಾರ್ಯ ಸರ್! ಕ್ರಿಕೆಟ್ ಕಟ್ಟೆ ಯೂಟ್ಯೂಬ್ ಚಾನೆಲ್‌ನಿಂದ. ದೇಶದ ತಂಡದ ಆಯ್ಕೆ ಬಗ್ಗೆ ಊರೂರಿನ ತಜ್ಞರನ್ನ ಮಾತಾಡಿಸ್ತಾ ಇದ್ದೀವಿ. ತಿಪಟೂರಿನಲ್ಲಿ ಯಾರನ್ನ ಕೇಳಿದ್ರೂ ನಿಮ್ಮ ಹೆಸರೇ ಹೇಳ್ತಾರೆ."

ಗೋಡೆಯಾಚೆ ಕುರ್ಚಿ ಸರಿದ ಸದ್ದು. ಟೀವಿ ಬಾಯಿ ಮುಚ್ಚಿತು. "ಕೇಳಿ ಸಾರ್, ಕೇಳಿ."

"ಒಂದು ತಂಡ ಸೋಲ್ತಾ ಇದೆ. ಅದರಲ್ಲಿ ಒಬ್ಬ ಹಿರಿಯ ಓಪನರ್. ಅವರ ಹೆಸರು..."

"ಹೆಸರು ಬ್ಯಾಡ!" ಫೋನಿಗಿಂತ ಮೊದಲು ಗೋಡೆಯೇ ಹೇಳಿತು. "ಹೆಸರು ಕೇಳಿದ್ರೆ ನಾಲಿಗೆ ಸಣ್ಣಗಾಯ್ತದೆ. ಮಾಲು ಹೆಂಗೈತೆ, ಅಷ್ಟು ಹೇಳಿ."

"ಈ ವರ್ಷದ ಅತಿ ಹೆಚ್ಚಿನ ಸ್ಕೋರು ಒಂಬತ್ತು ಸರ್."

"ಥೂ! ಅಂಥೋನ್ನ ಇನ್ನೂ ಆಡಿಸ್ತವ್ರಾ? ಕ್ಯಾಪ್ಟನ್‌ಗೆ ಬುದ್ಧಿ ಇಲ್ವಾ?"

ಚೀಲದೊಳಗೆ ಕಲ್ಲೇಶ ಕಣ್ಣು ಮುಚ್ಚಿಕೊಂಡ.

"ತಂಡಕ್ಕೆ ಅವರ ಆಸರೆ ದೊಡ್ಡದು ಸರ್. ಅವರಿಗೆ ಹೇಳೋಕೆ ಎಲ್ಲರಿಗೂ ಸಂಕೋಚ."

"ಅದು ಸಂಕೋಚ ಅಲ್ಲ, ಮೋಸ! ಹಿಂದೆ ನಗೋದು, ಮುಂದೆ ಅಣ್ಣ ಅಣ್ಣ ಅನ್ನೋದು. ಆ ಮನುಷ್ಯನ ಮೇಲೆ ನಿಜವಾಗಿ ಪ್ರೀತಿ ಇದ್ರೆ, ಕೂರಿಸ್ಕಂಡು, ಅಣ್ಣ ಸಾಕು ಇಳಿ ಅಂತ ಹೇಳ್ತಿದ್ರು. ಅವನ ಮರ್ಯಾದೆನಾದ್ರೂ ಉಳೀತಿತ್ತು."

ನನಗೆ ನಗು ನಿಂತುಹೋಯಿತು. ಫೋನ್ ಇಟ್ಟುಬಿಡಬೇಕಿತ್ತು. ಆದರೆ ಮಿಮಿಕ್ರಿ ಮಾಡುವವನ ನಾಲಿಗೆಗೆ ಬ್ರೇಕು ಎಲ್ಲಿ? "ಇನ್ನೊಂದು ವಿಷಯ ಸರ್. ಔಟಾದಾಗಲೆಲ್ಲ ಬ್ಯಾಟು ತಿರುಗಿಸಿ ನೋಡ್ತಾರೆ" ಎಂದುಬಿಟ್ಟೆ.

ಆಚೆ ಕುರ್ಚಿ ಮತ್ತೆ ಸರಿದ ಸದ್ದು.

ಅದೇ ಹೊತ್ತಿಗೆ ಚೀಲದ ದೂಳು ಮೂಗಿಗೇರಿ ನಾನು ಸೀನಿದೆ. ದನಿ ಬದಲಿಸಬಹುದು, ಸೀನು ಬದಲಿಸಲು ಬರುವುದಿಲ್ಲ. ಆ ಸೀನು ತೋಂಟಣ್ಣನಿಗೆ ಫೋನಿನಿಂದ ಒಮ್ಮೆ, ಗೋಡೆಯಿಂದ ಒಮ್ಮೆ ಕೇಳಿಸಿತು.

ಚೀಲ ತೆಗೆಯುವಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅರ್ಧ ಹೋಳು ಕೊಬ್ಬರಿ. ನಮ್ಮ ಮೂವರ ತಲೆಯ ಮೇಲೂ ನಾರು.

"ಎಲ್ರೂ ಕೇಳುಸ್ಕಂಡ್ರಾ?"

ತೋಂಟಣ್ಣ ಫೋನನ್ನು ನನ್ನ ಮುಖಕ್ಕೆ ಹಿಡಿದರು.

"ಒಂಬತ್ತು ಅಂದ್ಯಲ್ಲೋ ಗಂಗಾಧರ. ಹುಳಿಯಾರಿನ ಮೇಲೆ ಹನ್ನೊಂದು ಹೊಡೆದಿದ್ದೆ ಕಣ್ಲಾ."

ಕಲ್ಲೇಶ ನೆಲ ನೋಡುತ್ತಾ, "ಅದರಲ್ಲಿ ಎರಡು ಲೆಗ್ ಬೈ, ಅಣ್ಣ" ಎಂದ.

ತೋಂಟಣ್ಣ ಅವನನ್ನು ದಿಟ್ಟಿಸಿದರು. ಕೈಯಲ್ಲಿದ್ದ ಹೋಳನ್ನು ನನ್ನ ಟೇಬಲ್ಲಿನ ಮೇಲಿಟ್ಟು ಹೊರಟುಹೋದರು. ಮಂಡಿಯ ಶಟರ್ ಎಳೆದ ಸದ್ದು ಕೇಳಿತು. ಮ್ಯಾಟು, ಬ್ಯಾಟು, ಪ್ಯಾಡು ಎಲ್ಲ ಆ ಶಟರಿನ ಒಳಗೆ.

"ಮುಗೀತು" ಎಂದ ಕಲ್ಲೇಶ. "ತಂಡವೂ ಹೋಯ್ತು, ನನ್ನ ಕೆಲಸವೂ ಹೋಯ್ತು."

ರವಿಕಿರಣ್ ನನ್ನ ಕಡೆ ತಿರುಗಿ, "ಪಾಪ, ಹಿಂಗೆ ಮಾಡಬಾರದಿತ್ತು ಗಂಗಣ್ಣ" ಎಂದ. ಆ ಮಾತು ತೋಂಟಣ್ಣನ ಸಿಟ್ಟಿಗಿಂತ ಹೆಚ್ಚು ಚುಚ್ಚಿತು.

ಭಾನುವಾರ ಬೆಳಿಗ್ಗೆ ಮೈಕು ಹೊತ್ತುಕೊಂಡು ಕಾಲೇಜು ಮೈದಾನಕ್ಕೆ ಹೋದೆ. ಬರಿಗೈಯಲ್ಲಿ ನಿಂತ ತಂಡ ನೋಡಬೇಕಾಗುತ್ತದೆ ಎಂದುಕೊಂಡಿದ್ದವನಿಗೆ ಕಂಡದ್ದು ನೆಲಕ್ಕೆ ಬಿಗಿಯಾಗಿ ಹಾಸಿದ ಮ್ಯಾಟು. ಅದರ ತುದಿಯಲ್ಲಿ ಪಂಚೆ, ಬಿಳಿ ಶರಟಿನ ತೋಂಟಣ್ಣ ಕುಕ್ಕರುಗಾಲಲ್ಲಿ ಕುಳಿತು ಮೊಳೆ ಹೊಡೆಯುತ್ತಿದ್ದರು. ಎದ್ದು, ಎಂದಿನಂತೆ ಕಾಯಿ ಒಡೆದರು. ಆಮೇಲೆ ತಮ್ಮ ಪ್ಯಾಡುಗಳನ್ನು ರವಿಕಿರಣನ ಎದೆಗೆ ಒತ್ತಿದರು.

"ಹೋಗ್ಲಾ, ಓಪನ್ ಮಾಡು. ತುರುವೇಕೆರೆಯೋರು ಕರೆದಿರೋದು ಪೇಟೆಗೆಲ್ಲಾ ಗೊತ್ತು. ಆ ಕಡೆ ಬಸ್ಸಲ್ಲಿ ಹೋಗು, ಟೀಮಲ್ಲಿ ಬ್ಯಾಡ."

"ಅಣ್ಣ, ನಿನ್ನೆ..." ಎಂದು ಕಲ್ಲೇಶ ಶುರುಮಾಡಿದ.

"ನಿನ್ನೆದು ಬುಡು. ಹೇಳಿದ ರೇಟು ಹೇಳಿದ್ದೇ. ಬಾವಮೈದನಿಗೆ ಒಂದು ನ್ಯಾಯ, ನನಗೊಂದು ನ್ಯಾಯ ಆದ್ರೆ ನಾಳೆ ನನ್ನ ಮಂಡೀಗೆ ಯಾರು ಮಾಲು ತರ್ತಾರೆ? ನಮ್ಮ ಸಿದ್ದಗಂಗಮ್ಮ ಇದನ್ನೇ ಹೇಳ್ತಿದ್ಲು. ಹೆಂಡತಿ ಮಾತು ಅಂತ ಕಿವೀಗೆ ಹಾಕ್ಕಂಡಿರ್ಲಿಲ್ಲ."

ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಕ್ಷಮೆ ಕೇಳಬೇಕೆಂದು ನಾನು ಮಾತು ಜೋಡಿಸುತ್ತಿರುವಾಗಲೇ, "ಆ ಟೀವಿ ಓಪನರ್‌ಗೂ ಯಾರಾದ್ರೂ ಕೂರಿಸ್ಕಂಡು ಹೇಳಿದಾರೋ ಇಲ್ವೋ, ಪಾಪ" ಎಂದರು. "ನಾನೂ ಸುಮ್ಮನೆ ಬಾಯಿ ಬಡ್ಕಂಡೆ. ಹೇಳಿಸ್ಕಳೋದು ಕಷ್ಟ ಕಣ್ಲಾ." ಕಾಲಿಗೆ ತೊಡರಿದ ಮೈಕಿನ ವೈರು ಸರಿಸಿದರು. "ಹೇಳೋದೂ ಕಷ್ಟವೇ ಅನ್ನು. ಇಲ್ಲದಿದ್ರೆ ನೀನು ಗೋಣಿಚೀಲ ಯಾಕ್ ಹೊದ್ಕತಿದ್ದೆ?"

ರವಿಕಿರಣ್ ಆಡಿದ. ಟಿಕೆಟ್ ಹರಿದು ಕೊಡುವಷ್ಟು ಸಲೀಸಾಗಿ ಚೆಂಡನ್ನು ಮೂಲೆಮೂಲೆಗೆ ಕಳಿಸಿದ. ತುರುವೇಕೆರೆಯ ಕ್ಯಾಪ್ಟನ್ ತಾನೇ ಕರೆದಿದ್ದವನನ್ನು ತಾನೇ ಶಪಿಸುತ್ತಾ ಫೀಲ್ಡರುಗಳನ್ನು ಅತ್ತಿಂದಿತ್ತ ಓಡಾಡಿಸಿದ. ನಾವು ಗೆಲುವಿನ ವಾಸನೆ ಮರೆತು ವರ್ಷವಾಗುತ್ತ ಬಂದಿತ್ತು. ಅವನದು ಅರವತ್ತು ದಾಟಿದ ಮೇಲೆ, ಗೆಲ್ಲಲು ಇನ್ನು ಕೆಲವೇ ರನ್ ಬೇಕಿರುವಾಗ, ಒಂದು ಸೋಂಬೇರಿ ಚೆಂಡು ಪುಟಿಯದೆ ನುಗ್ಗಿ ಸ್ಟಂಪು ಉರುಳಿಸಿತು.

ರವಿಕಿರಣ್ ನಂಬದೆ ನಿಂತ. ಆಮೇಲೆ ಬ್ಯಾಟನ್ನು ಮೇಲೆತ್ತಿ, ತಿರುಗಿಸಿ ಮುರುಗಿಸಿ ನೋಡಿದ. ಥೇಟ್ ಅದೇ ರೀತಿ.

ಇಡೀ ಮೈದಾನ ತೋಂಟಣ್ಣನ ಕಡೆ ತಿರುಗಿತು. ಕಲ್ಲೇಶ ನನಗೆ ಕಣ್ಣಲ್ಲೇ ಬೇಡ ಬೇಡ ಎಂದ. ಆದರೆ ಮೈಕು ಆನ್ ಇತ್ತು. ನಾಲಿಗೆ ತನ್ನಷ್ಟಕ್ಕೆ ತೋಂಟಣ್ಣನ ದನಿಯನ್ನು ಹುಡುಕಿ ತೆಗೆದಾಗಿತ್ತು.

"ಬ್ಯಾಟೇ ಸರಿಯಿಲ್ಲ ಕಣ್ರೋ!"

ಮೊದಲು ಸ್ಲಿಪ್ಪಿನಲ್ಲಿದ್ದವರು ನಕ್ಕರು, ಆಮೇಲೆ ಅಂಪೈರು, ಆಮೇಲೆ ಬೇಲಿಯಾಚೆ ಬೈಕಿನ ಮೇಲೆ ಕೂತವರು. ಅಷ್ಟರಲ್ಲಿ ತೋಂಟಣ್ಣ ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿದರು. ಬಾಗಿದ್ದು ನೇರ ಮೈಕಿನ ಮೇಲೆಯೇ. ನನ್ನ ದನಿ, ಅಂಪೈರಿನ ಕೂಗು, ಎಲ್ಲವನ್ನೂ ಮುಳುಗಿಸಿಕೊಂಡು ನಾಲ್ಕು ಸ್ಪೀಕರಿನಲ್ಲೂ ಅವರ ನಗುವೊಂದೇ ಮೊಳಗಿತು. ಒಳಗೆ ಬರುತ್ತಿದ್ದ ಹೊಸ ಬ್ಯಾಟ್ಸ್‌ಮನ್ ದಾರಿಯಲ್ಲೇ ನಿಂತು, ನಗು ಮುಗಿಯಲಿ ಎಂದು ಕಾದ.