ಬಿಟ್ಟಿ ರಾಣಿ

“ರಾಣಿ ನೋಡಿ, ಪೊರ್ಬುಗಳೇ,” ಎಂದ ಜಮಾಲ್, ಆನೆಯನ್ನು ಎರಡು ಮನೆ ಮುಂದೆ ಸರಿಸಿ.

ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವ ‘ಪೊರ್ಬು’ ಎಂಬ ಮಾತು ಕೇಳಿಯೂ ಪಾಸ್ಕಲ್‌ಗೆ ಮೈ ಉರಿದುಹೋಯಿತು. ಡಿಸೆಂಬರಿನ ಫೈನಲ್ ಆಟ, ಪಕ್ಕದಲ್ಲಿ ಗಡಿಯಾರ ಓಡುತ್ತಿದೆ, ಸುತ್ತ ಹತ್ತು ಹನ್ನೆರಡು ಜನ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಈ ಮನುಷ್ಯ ನೋಡಿದರೆ ಜಗಲಿಯಲ್ಲಿ ಮೊಮ್ಮಕ್ಕಳನ್ನು ಆಡಿಸುವವನ ಹಾಗೆ ಎದುರಾಳಿಯ ರಾಣಿಗೆ ಕಾವಲು ಕಾಯುತ್ತಾನೆ!

“ನನಗೆ ಕಣ್ಣುಂಟು ಮಾರಾಯ್ರೆ,” ಎಂದು ಪಾಸ್ಕಲ್ ರಾಣಿಯನ್ನು ಹಿಂದಕ್ಕೆಳೆದ. “ಗೋಡೆಯಲ್ಲಿ ಎಂತ ಬರೆದದ್ದು? ಚಪ್ಪಲಿಯ ನಂಬರ್ ಮಾತ್ರ ಓದಲಿಕ್ಕೆ ಬರುವುದಾ ನಿಮಗೆ?”

ಕಾಪು ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡು ದಿನಾ ಹೆಜಮಾಡಿಯಿಂದ ಬಸ್ಸಿನಲ್ಲಿ ಬಂದುಹೋಗುವ ಜಮಾಲ್ ಗೋಡೆಯತ್ತ ನೋಡಿ, “ಹೌದಲ್ವಾ, ಬಾಯಿ ತಪ್ಪಿ ಬಂತು,” ಎಂದು ನಕ್ಕ. ಗೋಡೆಯ ಮೇಲೆ ಪಾಸ್ಕಲ್‌ನದೇ ದಪ್ಪ ಅಕ್ಷರಗಳಿದ್ದವು: ‘ಆಟದಲ್ಲಿ ಯಾರೂ ಯಾರನ್ನೂ ಎಚ್ಚರಿಸತಕ್ಕದ್ದಲ್ಲ.’

ಹಿಟ್ಟಿನ ಮಿಲ್ಲಿನ ಮೇಲಿದ್ದ ಈ ಚೆಸ್ ಕೋಣೆಯಲ್ಲಿ ಹಿಂದಿನವರು ಮಾಡಿಕೊಂಡಿದ್ದ ಕ್ರಮವೇ ಬೇರೆ. ಎದುರಾಳಿಯ ರಾಣಿಗೆ ಗುರಿಯಿಟ್ಟರೆ ‘ರಾಣಿ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದೆ ಹೊಡೆದರೆ ಆಟ ಗೆದ್ದರೂ ಮರ್ಯಾದೆಯಿಲ್ಲ. ಮಸ್ಕತ್ತಿನಲ್ಲಿ ಇಪ್ಪತ್ತೆರಡು ವರ್ಷ ಸ್ಟೋರ್ ಕೀಪರ್ ಆಗಿದ್ದು ಊರಿಗೆ ಮರಳಿದ ಪಾಸ್ಕಲ್‌ಗೆ ಇದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇದೆಂಥ ಚೆಸ್, ಇದು ಪಗಡೆಯೋ? ಡಿಸೆಂಬರಿನ ಫೈನಲ್ ಗೆದ್ದವನ ಕೈಗೆ ಒಂದು ವರ್ಷ ಕೋಣೆಯ ಕೀಲಿಕೈ. ಯಾರನ್ನು ಒಳಗೆ ಬಿಡಬೇಕು, ಯಾವ ನಿಯಮ ನಡೆಯಬೇಕು ಎಲ್ಲವೂ ಅವನದೇ ಮಾತು. ಮೊದಲ ವರ್ಷವೇ ಗೆದ್ದ ಪಾಸ್ಕಲ್ ಮೊದಲ ದಿನವೇ ಆ ಕ್ರಮವನ್ನು ಕಿತ್ತುಹಾಕಿದ. ಅದಾಗಿ ಒಂಬತ್ತು ವರ್ಷ. ಮೂವತ್ತು ಮಂದಿ ಇದ್ದಲ್ಲಿ ಈಗ ಆರು ಮಂದಿ ಉಳಿದಿದ್ದರು. ಕಸ ತಾನಾಗಿಯೇ ಹೋಯಿತು ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ.

ಆ ಕೀಲಿಕೈ ಹೋದರೆ ಅವನಿಗೆ ಇನ್ನೇನೂ ಇರಲಿಲ್ಲ ಎಂಬುದು ಬೇರೆ ಮಾತು. ಮನೆಯಲ್ಲಿ ಹೆಂಡತಿ ಝೀಟಾ ಟಿ.ವಿ. ಸದ್ದು ತಗ್ಗಿಸುವುದು ಫೋನ್ ಬಂದಾಗ ಮಾತ್ರ, ಗಂಡ ಬಾಯಿ ತೆರೆದಾಗ ಅಲ್ಲ. ಈ ಕೋಣೆಯಲ್ಲಿ ಅವನು ಗಂಟಲು ಸರಿಮಾಡಿಕೊಂಡರೆ ಸಾಕು, ಐದು ತಲೆಗಳು ತಿರುಗುತ್ತಿದ್ದವು. ಈ ಜಮಾಲ್ ಗೆದ್ದರೆ ಬಾಗಿಲನ್ನು ಎಲ್ಲರಿಗೂ ತೆರೆದಿಡುತ್ತಾನಂತೆ. ಯಾರು ಬೇಕಾದರೂ ಬರಬಹುದಂತೆ! ಸಂತೆ ಮಾಡುತ್ತಾನೆ ಸಂತೆ!

ಪ್ರತಿ ಭಾನುವಾರ ಪಾಸ್ಕಲ್ ಮಣೆಯ ಮೇಲೆ ಒಂದು ಲೆಕ್ಕ ಹೂಡುತ್ತಿದ್ದ. “ಬಲಿ ಎಲ್ಲಿ ಉಂಟು ಹೇಳಿ ನೋಡುವ,” ಎಂದು ಕೈಕಟ್ಟಿ ನಿಲ್ಲುತ್ತಿದ್ದ. ಯಾವ ಕಾಯಿಯನ್ನು ಬೇಕೆಂದೇ ಬಿಟ್ಟುಕೊಟ್ಟರೆ ರಾಜ ಸಿಕ್ಕಿಬೀಳುತ್ತಾನೆ ಎಂಬುದು ಐವರಿಗೂ ಹೊಳೆಯುತ್ತಿರಲಿಲ್ಲ. ಅವರು ತಲೆ ಕೆರೆದುಕೊಳ್ಳುವುದನ್ನು ಕಣ್ತುಂಬ ನೋಡಿ, “ಬಿಟ್ಟಿ ಸಿಕ್ಕಿದ್ದನ್ನು ಬಾಚಿಕೊಳ್ಳುವುದು ಬಿಟ್ಟು ನಿಮಗೆ ಬೇರೆ ಎಂತ ಗೊತ್ತುಂಟು? ಕೊಟ್ಟು ಗೆಲ್ಲಲಿಕ್ಕೆ ತಲೆ ಬೇಕು,” ಎನ್ನುತ್ತಿದ್ದ.

ಒಂದೇ ಒಂದು ಸಲ ಉತ್ತರ ಬಂದಿತ್ತು. ಕಳೆದ ಜೂನ್‌ನಲ್ಲಿ, ಅದೂ ಬಾಗಿಲ ಹೊರಗಿಂದ. ಶಂಕರಪುರದ ಪ್ರೆಸಿಲ್ಲಾ ಮಲ್ಲಿಗೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಸದಸ್ಯಳಾಗಬಹುದೇ ಎಂದು ಕೇಳಲು ಬಂದವಳು ಮಣೆ ನೋಡಿ, “ರಾಣಿಯನ್ನು ಕೊಟ್ಟರೆ ಆಯಿತಲ್ಲ, ಪಾಸ್ಕಲ್ ಬಾಬ್?” ಎಂದುಬಿಟ್ಟಿದ್ದಳು. ಸರಿಯಾಗಿತ್ತು. “ಎಲ್ಲಿ ಕದ್ದು ನೋಡಿದ್ದು?” ಎಂದು ಕೇಳಿದ್ದ ಪಾಸ್ಕಲ್. “ಹೋಗಿ ಹೂ ಕಟ್ಟು. ಇದು ನಾರಿನ ಕೆಲಸ ಅಲ್ಲ.” ಈಗ ಅವಳೂ ಬಂದು ಕಿಟಕಿಯ ಬಳಿ ನಿಂತಿದ್ದಳು. ಫೈನಲ್ ನೋಡಲು ಮಾತ್ರ ಯಾರನ್ನೂ ತಡೆಯುವಂತಿರಲಿಲ್ಲ.

ಮಣೆಯ ಮೇಲೆ ಪಾಸ್ಕಲ್‌ನ ಕಪ್ಪು ಕುದುರೆ ಜಮಾಲ್‌ನ ಕೋಟೆಯೊಳಕ್ಕೇ ನುಗ್ಗಿ ಕೂತಿತು, ರಾಣಿಯ ಮೇಲೆ ನೇರ ಗುರಿಯಿಟ್ಟು. ಪಾಸ್ಕಲ್ ‘ರಾಣಿ’ ಎನ್ನಲಿಲ್ಲ. ಗಡಿಯಾರದ ಗುಂಡಿ ಒತ್ತಿ, ಉಗುರು ಕಚ್ಚುತ್ತ ಎದುರಿನ ಮುಖ ನೋಡಿದ. ಆ ಮುಖದಲ್ಲಿ ಏನೂ ಇರಲಿಲ್ಲ. ಇರುವುದಕ್ಕೆ ಒಳಗೆ ಏನಾದರೂ ಇದ್ದರಲ್ಲವೇ! ನಾಲ್ಕನೇ ನಡೆಯಲ್ಲೇ ಮೂಲೆಗೆ ತಳ್ಳಿದ ಬಿಳಿ ಒಂಟೆಯನ್ನು ಈ ಪುಣ್ಯಾತ್ಮ ಈವರೆಗೆ ಮುಟ್ಟಿರಲಿಲ್ಲ. ಅದು ಮೊಟ್ಟೆಗೆ ಕೂತ ಕೋಳಿಯ ಹಾಗೆ ಅಲ್ಲೇ ಇತ್ತು.

ಜಮಾಲ್ ಬಹಳ ಹೊತ್ತು ಯೋಚಿಸಿದ. ಕೊನೆಗೆ ಮಣೆಯ ನಡುವೆ ನಿಂತಿದ್ದ ತನ್ನ ಕುದುರೆಯನ್ನು ಎತ್ತಿ ಪಕ್ಕಕ್ಕೆ, ಪಾಸ್ಕಲ್‌ನ ರಾಜನ ದಿಕ್ಕಿಗೆ ಇಟ್ಟ. ರಾಣಿ ಇದ್ದಲ್ಲೇ ಇತ್ತು.

ಅರೇ ದೇವಾ! ಪಾಸ್ಕಲ್‌ಗೆ ನಗು ತಡೆಯಲಾಗಲಿಲ್ಲ. ಕಾಣಲೇ ಇಲ್ಲ ಇವನಿಗೆ! ಯಾರೂ ‘ರಾಣಿ’ ಎಂದು ಕಿವಿಯಲ್ಲಿ ಊದಲಿಲ್ಲವಲ್ಲ, ಹೇಗೆ ಕಾಣಬೇಕು? ಅವನು ತನ್ನ ಕುದುರೆಯ ಕಡೆಗೆ ಕೈ ಚಾಚಿದ.

“ಒಂದು ಸಲ ನೋಡಿ, ಪೊರ್ಬುಗಳೇ,” ಎಂದ ಜಮಾಲ್ ಮೆಲ್ಲಗೆ.

ಕೈ ಗಾಳಿಯಲ್ಲೇ ನಿಂತಿತು. ಪಾಸ್ಕಲ್ ತಲೆಯೆತ್ತಿ ನೋಡಿದ್ದು ಮಣೆಯನ್ನಲ್ಲ, ಜನರನ್ನು. “ನೋಡಿದಿರಾ? ಈಗ ಗೊತ್ತಾಯಿತು ಇವರಿಗೆ. ನಡೆ ಹಿಂದೆ ಬೇಕಂತೆ! ಬೇಡುವುದಾದರೆ ಸರಿಯಾಗಿ ಬೇಡಿ ಮಾರಾಯ್ರೆ.”

“ಬೇಡಿದ್ದಲ್ಲ. ನೋಡಿ ಅಂತ ಹೇಳಿದ್ದು.”

“ಇಟ್ಟ ಕಾಯಿ ಇಟ್ಟದ್ದೇ,” ಎಂದು ಪಾಸ್ಕಲ್ ಬಿಳಿ ರಾಣಿಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದು, ಅದರ ಜಾಗದಲ್ಲಿ ತನ್ನ ಕುದುರೆಯನ್ನು ಟಪ್ಪೆಂದು ಕುಕ್ಕಿದ.

ಕಿಟಕಿಯ ಬಳಿ ಪ್ರೆಸಿಲ್ಲಾ ಕಣ್ಣು ಮುಚ್ಚಿಕೊಂಡಳು. ಅದು ಪಾಸ್ಕಲ್‌ನ ಕಣ್ಣಿಗೆ ಬಿತ್ತು. ಆಗ ಮಣೆ ನೋಡಿದ. ಮೂಲೆಯ ಒಂಟೆಯಿಂದ ತನ್ನ ರಾಜನ ಬಗಲಿನವರೆಗೆ ಓರೆಯಾಗಿ ಒಂದು ದಾರಿ ಬಿಚ್ಚಿಕೊಂಡಿತ್ತು. ಆ ದಾರಿಗೆ ಅಡ್ಡ ಇದ್ದದ್ದು ಎರಡೇ ಕುದುರೆ. ಒಂದನ್ನು ಜಮಾಲ್ ಸರಿಸಿದ್ದ. ಇನ್ನೊಂದು ತನ್ನದೇ, ಈಗಷ್ಟೇ ಬಿಟ್ಟಿ ರಾಣಿಯ ಆಸೆಗೆ ತಾನೇ ಕೈಯಾರೆ ಎತ್ತಿದ್ದು. ಇಂಥ ಬಲಿಯನ್ನು ಒಂಬತ್ತು ವರ್ಷ ಭಾನುವಾರ ಭಾನುವಾರ ಇದೇ ಮಣೆಯ ಮೇಲೆ ಹೂಡಿದವನು ಅವನು. ಜಮಾಲ್‌ನ ಕೈಯಿಂದ ಬರಬಹುದು ಎಂದು ಮಾತ್ರ ಅವನಿಗೆ ಅನಿಸಿರಲಿಲ್ಲ.

ಜಮಾಲ್ ಕುದುರೆಯನ್ನು ರಾಜನ ಮಗ್ಗುಲಿಗೆ ಹಾರಿಸಿ, “ಚೆಕ್,” ಎಂದ. ಕಪ್ಪು ರಾಜನ ಎದುರು ಅವನದೇ ಕಾಲಾಳುಗಳು, ಒಂದು ಪಕ್ಕಕ್ಕೆ ಅವನದೇ ಆನೆ. ಉಳಿದ ಎರಡು ಮನೆಗಳ ಮೇಲೆ ಆ ಮೂಲೆಯ ಒಂಟೆಯ ಕಣ್ಣಿತ್ತು. ಹೋಗಲು ಎಲ್ಲೂ ಜಾಗವಿರಲಿಲ್ಲ.

“ಅಲ್ಲ ಮಾರ್ರೆ, ಅವರಿಗೆ ನೋಡಿ ಅಂತ ಯಾಕೆ ಹೇಳಿದಿರಿ? ಅವರು ನೋಡಿದ್ದರೆ?” ಎಂದು ಕೇಳಿದ ಗಡಿಯಾರ ನೋಡಿಕೊಳ್ಳುತ್ತಿದ್ದ ಕಾರ್ಲ್ಟನ್.

“ನೋಡಿದ್ದರೆ ಇನ್ನೂ ಸ್ವಲ್ಪ ಹೊತ್ತು ಆಡುತ್ತಿದ್ದೆವು,” ಎಂದ ಜಮಾಲ್. “ಹೇಳದೆ ಗೆದ್ದರೆ ನನಗೆ ಸರಿಯಾಗುವುದಿಲ್ಲ.”

ಪಾಸ್ಕಲ್ ಎದ್ದು ಪ್ಯಾಂಟಿನ ಕಿಸೆಯಿಂದ ಕೀಲಿಕೈ ಗೊಂಚಲು ತೆಗೆದ. ಮನೆಯದು, ಸ್ಕೂಟರಿನದು, ನಡುವೆ ಈ ಕೋಣೆಯದು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬಿಚ್ಚದ ಗೊಂಚಲಿನ ಬಳೆ ಬಿಗಿದು ಕೂತಿತ್ತು. ಅವನ ಕಚ್ಚಿದ ಉಗುರುಗಳು ಅದರ ಸಂದಿಗೆ ಇಳಿಯಲೊಲ್ಲವು. ಎರಡು ಸಲ ಜಾರಿತು. ಯಾರೂ ನಗಲಿಲ್ಲ, ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು.

“ಇರಲಿ ಪೊರ್ಬುಗಳೇ, ನಾಳೆ ಕೊಡಿ,” ಎಂದ ಜಮಾಲ್.

“ಇಲ್ಲಿ ಕೊಡಿ, ಪಾಸ್ಕಲ್ ಬಾಬ್,” ಎಂದು ಪ್ರೆಸಿಲ್ಲಾ ಗೊಂಚಲನ್ನು ಅವನ ಕೈಯಿಂದ ತೆಗೆದುಕೊಂಡಳು. ಬಾಳೆನಾರು ಸೀಳಲೆಂದು ಬೆಳೆಸಿದ ಹೆಬ್ಬೆರಳಿನ ಉಗುರು ಬಳೆಯ ಸಂದಿಗೆ ಸಲೀಸಾಗಿ ಇಳಿಯಿತು. ಕೀಲಿಕೈಯನ್ನು ಜಮಾಲ್‌ನ ಮುಂದಿಟ್ಟು, ಉಳಿದದ್ದನ್ನು ಪಾಸ್ಕಲ್‌ನ ಅಂಗೈಗೆ ಹಾಕಿದಳು.

ಅವನು ಯಾರ ಮುಖವನ್ನೂ ನೋಡದೆ ಹೊರಬಿದ್ದ. ಹಗುರಾದ ಗೊಂಚಲು ಕಿಸೆಯಲ್ಲಿ ಇಲ್ಲದಂತೆಯೇ ಇತ್ತು. ಮೆಟ್ಟಿಲಿಳಿಯುವಾಗ ಹಿಂದೆ ಕುರ್ಚಿ ಎಳೆದ ಸದ್ದಾಯಿತು, ಕಾಯಿಗಳನ್ನು ಜೋಡಿಸುವ ಸದ್ದಾಯಿತು. ಯಾರು ಕೂತರೆಂದು ತಿರುಗಿ ನೋಡಬೇಕಾಗಿರಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಕೂತು ಷೂಗಳ ಲೇಸು ಕಟ್ಟಿದ, ಬಿಚ್ಚಿ ಮತ್ತೆ ಕಟ್ಟಿದ. ಭಾನುವಾರವಾದ್ದರಿಂದ ಮಿಲ್ಲು ನಿಂತಿತ್ತು. ಮೇಲಿನದೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು.

“ರಾಣಿ ನೋಡಿ, ಜಮಾಲ್ ಕಾಕ,” ಎಂದಿತು ಹೆಣ್ಣು ಧ್ವನಿ.

ಇಷ್ಟು ಬೇಗನೆಯೇ? ಪಾಸ್ಕಲ್ ಗೋಡೆಗೆ ಕೈಯೂರಿ ಎದ್ದ. ಜಮಾಲ್ ಯಾವ ಕಾಯಿ ಎತ್ತುತ್ತಾನೆ ಎಂದು ಕಿವಿಗೊಟ್ಟು, ಒಂದು ಕಾಲನ್ನು ಮೆಟ್ಟಿಲ ಮೇಲೇ ಇಟ್ಟು ನಿಂತ.